ಎರಿ ಭೂಮಿಯಾಗ ಪಾಯಾ

ನವಲಗುಂದದಿಂದ ಅಣ್ಣಿಗೇರಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಎರೆ ಹೊಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ನೆಲ, ಮಳೆ ಕುಡಿದ ಮೇಲೆ ಉಬ್ಬಿ ಗೋಡೆಯನ್ನೇ ಎತ್ತುತ್ತದೆ. ಇಲ್ಲಿ ಮನೆ ಕಟ್ಟುವವರಿಗೆ ಮೊದಲ ಚಿಂತೆ ಪಾಯಾದ್ದು. ರೋಹಿಣಿ ಮಳೆಗೆ ಮುಂಚಿನ ಒಂದು ಸಂಜೆ, ಗೋಡೆ ಸೀಳಿದ ಸಣ್ಣದೊಂದು ಚರ್ಚಿನ ಮುಂದೆ ಇಬ್ಬರು ಮಾತಿಗೆ ಕೂತಿದ್ದಾರೆ ಎಂದುಕೊಳ್ಳಿ. ಒಬ್ಬರು ಜೀವಮಾನವೆಲ್ಲ ಗೌಂಡಿ ಕೆಲಸ ಮಾಡಿದವರು, ಕ್ರೈಸ್ತ ಸಭೆಯ ಹಿರಿಯರು, ಈ ರಿಪೇರಿಗೂ ಅವರೇ ಮೇಸ್ತ್ರಿ. ಇನ್ನೊಬ್ಬಳು ಅದೇ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು ಬೆಳೆದ ಹುಡುಗಿ, ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಕೆಲವು ಕಾಲದಿಂದ ಭಾನುವಾರದ ಆರಾಧನೆಗೆ ಬರುವುದನ್ನು ಬಿಟ್ಟಿದ್ದಾಳೆ.

ನಾವು ಏನೂ ಗಳಿಸುವ ಮೊದಲೇ ದೇವರು ನಮ್ಮನ್ನು ಪ್ರೀತಿಸಿದ್ದಾನೆ, ಬದುಕನ್ನು ಅದರ ಮೇಲೆ ಕಟ್ಟಿಕೊಳ್ಳಿ ಎಂದು ಕ್ರೈಸ್ತ ಧರ್ಮ ಹೇಳುತ್ತದೆ. ದುಡಿದೇ ಉಣ್ಣುವ ಸೀಮೆಯಲ್ಲಿ ಇದು ಸುಲಭವಾಗಿ ಗಂಟಲಿಗಿಳಿಯುವ ಮಾತಲ್ಲ. ಇವರಿಬ್ಬರೂ ಆ ಮಾತನ್ನು ಹಗುರಾಗಿ ತೆಗೆದುಕೊಂಡವರಲ್ಲ.

ಯುವತಿ: ಎಷ್ಟು ಆಳ ತಗದೀರಿ ಕಾಕಾ?

ಹಿರಿಯರು: ಗರಸು ಹತ್ತೂತನಾ ತಗೀಬೇಕು. ಎರಿ ಮ್ಯಾಲೆ ಏನು ಇಟ್ರೂ ನಿಂದ್ರೂದಿಲ್ಲ. ಮಂದಿ ಏನು ತಿಳಕೊಂಡಾರ, ಪಾಯಾ ಗೌಂಡಿ ಮಾಡ್ತಾನ ಅಂತ. ಗೌಂಡಿ ಮಾಡೂದು ಮ್ಯಾಲಿನ ಕಲ್ಲು ಅಷ್ಟ. ಗಟ್ಟಿ ನೆಲ ಅವನಕಿಂತ ಮೊದಲ ಅಲ್ಲಿ ಇರ್ತೈತಿ. ಮುಟ್ಟೂತನಾ ತೋಡೂದಷ್ಟ ಅವನ ಕೆಲಸ. ದೇವರ ಪ್ರೀತಿ ಅಂತ ನಾ ಅನ್ನೂದೂ ಇದನ್ನ.

ಯುವತಿ: ಪಾಯಾದಾಗ ಯಾರೂ ಸಂಸಾರ ಮಾಡೂದಿಲ್ರಿ. ಮಂದಿ ಇರೂದು ಮಾಳಗಿ ಕೆಳಗ, ಮಾಳಗಿ ಸೋರಾಕತ್ತೈತಿ. ನನಗ ಸೋರೂದು ಕಾಣ್ತೈತಿ, ನೀವು ಕೆಳಗ ಏನೈತಿ ಅಂತ ಹೇಳ್ತೀರಿ.

ಹಿರಿಯರು: ಕೆಳಗ ಸರಿ ಇಲ್ಲಂದ್ರ ಮಾಳಗಿಗೆ ಎಷ್ಟು ಮಣ್ಣು ಹೇರಿದ್ರೂ ಸೋರತೈತಿ. ಯೋಹಾನ ತನ್ನ ಮೊದಲನೇ ಪತ್ರಿಕೆಯೊಳಗ ಏನು ಬರದಾನ? ಪ್ರೀತಿ ನಮ್ಮ ಕಡಿಂದ ಶುರು ಆಗೂದಿಲ್ಲ, ಮೊದಲ ಆತನ ಕಡಿಂದ ಬಂತು. ನಮ್ಮದು ಅದರ ಹಿಂದಿಂದ.

ಯುವತಿ: ಅದರ ಮುಂದಿನ ಸಾಲೂ ಓದ್ರಿ. ದೇವರ ಮ್ಯಾಲೆ ಪ್ರೀತಿ ಐತಿ ಅಂದು ಅಣ್ಣತಮ್ಮನ್ನ ದ್ವೇಷ ಮಾಡಾಂವ ಸುಳ್ಳ ಅಂತಾನ. ಎರಡು ಸಾಲಿನ ನಡುವ ಉಸಿರು ತಗೊಳ್ಳಾಕೂ ಜಾಗಾ ಬಿಟ್ಟಿಲ್ಲ. ನಮ್ಮ ಸಭಾದೊಳಗ ಮೊದಲನೇ ಸಾಲಿನ ಮ್ಯಾಲೆ ಎಷ್ಟು ಪ್ರಸಂಗ ಆಗ್ಯಾವು, ಎರಡನೇದರ ಮ್ಯಾಲೆ ಎಷ್ಟು?

ಹಿರಿಯರು: ಎರಡೂ ಬೇಕು. ಆದ್ರ ಕ್ರಮ ತಪ್ಪಬಾರದು.

ಈ ಕ್ರಮದ ಮಾತು ಈ ಸೀಮೆಗೆ ಬಂದು ಸುಮಾರು ಇನ್ನೂರು ವರ್ಷವಾಯಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವರಲ್ಲಿ ಬಹಳಷ್ಟು ಜನ ದಕ್ಷಿಣ ಜರ್ಮನಿಯ ಭಕ್ತಿಪಂಥದಲ್ಲಿ ಬೆಳೆದವರು. ದೇವರ ಪ್ರೀತಿಯನ್ನು ಶಾಸ್ತ್ರವಾಗಿ ಒಪ್ಪಿದರೆ ಸಾಲದು, ಒಬ್ಬೊಬ್ಬನೂ ತನ್ನ ಎದೆಯಲ್ಲಿ ಅದನ್ನು ಅರಿಯಬೇಕು ಎನ್ನುವುದು ಆ ಪಂಥದ ಜೀವಾಳ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ ಧಾರವಾಡದಲ್ಲೂ ಇದ್ದು ಕನ್ನಡ ಕಲಿತವರು. 1894ರ ನಿಘಂಟಿನಿಂದ ನಾವು ಅವರನ್ನು ಬಲ್ಲೆವು. ಅದಕ್ಕೂ ಎಷ್ಟೋ ಮೊದಲು ಅವರು ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಕಟ್ಟಿದ್ದರು. ಪ್ರೀತಿ ಎದೆಗೆ ಮುಟ್ಟಬೇಕಾದರೆ ಕೇಳುವವನ ಲಯದಲ್ಲೇ ಮುಟ್ಟಬೇಕೆಂಬ ತಿಳಿವಳಿಕೆ ಅದರಲ್ಲಿತ್ತು ಎಂದೇ ನನ್ನ ಎಣಿಕೆ. ಅದೇ ಮಿಷನ್ ಹೊಸ ಸಭೆಗಳಿಗೆ ಬಿಗಿಯಾದ ನಡಾವಳಿಯನ್ನೂ ಹಾಕಿತ್ತು: ಕುಡಿತ ಬಿಡಬೇಕು, ಜಾತಿ ಬಿಡಬೇಕು. ಪ್ರೀತಿ ಉಚಿತ, ನಡತೆಗೆ ಲೆಕ್ಕ ಕೊಡಬೇಕು. ಇವೆರಡರ ನಡುವಿನ ತಿಕ್ಕಾಟ ಅಂದಿನಿಂದಲೂ ಸಭೆಯ ಒಳಗೇ ಇದೆ.

ಹಿರಿಯರು: ನಮ್ಮ ಮನಿತನದ ಮಾತು ಹೇಳ್ತೇನಿ ಕೇಳು. 1876ರ ಬರ. ಎರಡು ವರ್ಷ ಮಂದಿ ಹುಳದಂಗ ಸತ್ರು. ನಮ್ಮ ಮುತ್ಯಾನ ಅಪ್ಪ ಆಗ ಸಣ್ಣ ಹುಡುಗ, ಅವ್ವ ಅಪ್ಪ ಇಬ್ರೂ ಹೋಗಿದ್ರು. ಮಿಷನ್ ಮನಿಯಾಗ ಗಂಜಿ ಹಾಕಿದ್ರು. ನೀ ಯಾರಾಂವ, ಯಾವ ಓಣಿಯಾಂವ ಅಂತ ಕೇಳಲಿಲ್ಲ. ಪ್ರಾರ್ಥನಾ ಬರ್ತೈತೇನು ಅಂತನೂ ಕೇಳಲಿಲ್ಲ. ಗಂಜಿ ಮೊದಲ ಬಂತು, ಪುಸ್ತಕ ಆಮ್ಯಾಲೆ. ನಮ್ಮ ಮನಿಯೊಳಗ ದೇವರ ಪ್ರೀತಿ ಅಂದ್ರ ಹಿಂಗ ಗೊತ್ತಾದದ್ದು.

ಯುವತಿ: ಗಂಜಿ ಕೊಟ್ಟಾರ, ಕೈ ಮುಗೀತೇನಿ. ಆದ್ರ ಹಸದ ಕೂಸಿಗೆ ಪುಸ್ತಕ ಬ್ಯಾಡ ಅನ್ನೂ ಧೈರ್ಯ ಎಲ್ಲಿ ಇರ್ತೈತಿ? ಗಂಜಿ ಹಿಂದ ಪುಸ್ತಕ ಬರೂದು ಗೊತ್ತಿದ್ರ ಅದನ್ನ ಪೂರಾ ಉಚಿತ ಅಂತ ಹೆಂಗ ಅನ್ನೂದು?

ಹಿರಿಯರು: ದೊಡ್ಡಾಂವ ಆದಮ್ಯಾಲೆ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಮಗ್ಗದ ಕೆಲಸ ಕಲ್ತ, ಮನಿ ಮಾಡಿದ, ಮಕ್ಕಳಿಗೆ ಅಕ್ಷರ ಕಲಿಸಿದ.

ಯುವತಿ: ಹೋಗಾಕ ಊರು ಎಲ್ಲಿ ಉಳದಿತ್ತು? ಊರಾಗ ಅವನ ಹೊಲಾ ಇರಲಿಲ್ಲ, ಮಂದಿ ಇರಲಿಲ್ಲ. ನೀವು ಪ್ರೀತಿ ಅಂತೀರಿ, ಅದು ಆಸರಾನೂ ಆಗಿತ್ತು, ಕಟ್ಟೂ ಆಗಿತ್ತು. ಬೇರೆ ಬೇರೆ ಮಾಡಿ ನೋಡಾಕ ನನಗ ಬರೂದಿಲ್ಲ.

ಹಿರಿಯರು: ಬ್ಯಾರೆ ಮಾಡೂದ ಯಾಕ ಬೇಕು? ನಿಮ್ಮವ್ವ ನಿನಗ ಹಾಲು ಕುಡಿಸಿದ್ಲು, ತನ್ನ ದೇವರನ್ನೂ ಕೊಟ್ಲು. ಹಾಲು ಖರೇ, ದೇವರು ಸುಳ್ಳ ಅಂತ ವಿಂಗಡಾ ಮಾಡ್ತೀಯೇನು?

ಯುವತಿ: ನಮ್ಮವ್ವನ ಮಾತು ತಗದ್ರ ನಾನೂ ಒಂದು ಹೇಳಬೇಕಾಗ್ತೈತಿ. ನನ್ನ ಜೋಡಿ ಕಲ್ತ ಹುಡುಗಿ ಒಬ್ಬಾಕಿ, ಬ್ಯಾರೆ ಊರಾಕಿ. ಗಂಡ ಹೊಡೀತಿದ್ದ. ಸಭಾಪಾಲಕರ ಕಡೆ ಹೋಗಿ ಅತ್ಲು. ಅವರು ಏನಂದ್ರು? ದೇವರು ನಿನ್ನ ಎಷ್ಟು ಪ್ರೀತಿ ಮಾಡ್ಯಾನ, ನೀನೂ ಗಂಡನ್ನ ಹಂಗ ಕ್ಷಮಾ ಮಾಡು, ಮನಿಗೆ ಹೋಗು. ಹೋದ್ಲು. ಮುಂದ ಆಕಿ ಕೈ ಮುರದು ನಮ್ಮ ವಾರ್ಡಿಗೆ ಬಂದ್ಲು. ಪ್ಲಾಸ್ಟರ್ ಹಾಕೂವಾಗ ನಾ ಹಿಡಕೊಂಡು ನಿಂತಿದ್ದೆ. ಅವತ್ತಿನಿಂದ ದೇವರ ಪ್ರೀತಿ ಅಂತ ಯಾರರ ಶುರು ಮಾಡಿದ್ರ ನನಗ ಆ ಕೈ ಕಾಣ್ತೈತಿ.

ಹಿರಿಯರು: (ಬಹಳ ಹೊತ್ತಿನ ಮೇಲೆ) ಅದು ದೇವರ ಪ್ರೀತಿ ಅಲ್ಲ. ಅವರು ಆ ಮಾತು ಹೇಳಿದ್ದು ತಪ್ಪು ಜಾಗಾದಾಗ ಅಲ್ಲ, ತಪ್ಪು ಮನಶ್ಯಾಗ. ಹೇಳಬೇಕಾಗಿದ್ದು ಗಂಡಗ: ನಿನ್ನ ಕೈಯಾಗಿರೂದು ದೇವರು ಜೀವಾ ಕೊಟ್ಟು ಪ್ರೀತಿ ಮಾಡಿದ ಹೆಣ್ಣಮಗಳು, ಮುಟ್ಟಿದ್ರ ಹುಷಾರ್ ಅಂತ. ಆಕಿಗೆ ಹೇಳಬೇಕಾಗಿದ್ದು ಬ್ಯಾರೇನ. ತಾ ಪ್ರೀತಿಗೆ ಬೆಲಿ ಇದ್ದಾಕಿ ಅಂತ ಎದಿಯಾಗ ಗೊತ್ತಾದ ಹೆಣ್ಣಮಗಳು ಹೊಡತಾ ತಿಂದು ಕುಂದ್ರೂದಿಲ್ಲ, ಎದ್ದು ಹೊರಗ ಬರ್ತಾಳ. ಅದಕ್ಕ ನಾ ಪಾಯಾ ಅನ್ನೂದು.

ಯುವತಿ: ಇದನ್ನ ಪ್ರಸಂಗಪೀಠದ ಮ್ಯಾಲಿಂದ ಯಾಕ ಹೇಳೂದಿಲ್ಲ? ನೀವು ಇಲ್ಲೆ ಗರಸಿನ ಗುಂಪಿ ಮ್ಯಾಲೆ ಕೂತು ಹೇಳಿದ್ರ ಕೇಳಾಕಿ ನಾ ಒಬ್ಬಾಕಿ.

ಇಲ್ಲಿ ನಾನು ಆ ಹುಡುಗಿಯ ಪಕ್ಕದಲ್ಲಿ ನಿಲ್ಲುತ್ತೇನೆ. ಪ್ರೀತಿ ಮೊದಲು ಎನ್ನುವವರು ನಡತೆಯನ್ನು ಮರೆಯುತ್ತಾರಲ್ಲ ಎಂಬ ಅವಳ ಪ್ರಶ್ನೆ ಹೊಸದಲ್ಲ. ಮಾರ್ಟಿನ್ ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದಾಗ, ಮೊದಲು ಕೃಪೆ, ಸತ್ಕಾರ್ಯ ಅದರ ಫಲ ಎಂದು ಹಿರಿಯರ ಕ್ರಮವನ್ನೇ ಹಿಡಿದಿದ್ದ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆ ಅವನಿಗೆ ಒಣಹುಲ್ಲಿನ ಹಾಗೆ ಕಂಡಿತ್ತು. ನಾಲ್ಕು ನೂರು ವರ್ಷದ ಮೇಲೆ ಅದೇ ಲೂಥರನ ಸಭೆಯ ಪಾದ್ರಿ ಡೀಟ್ರಿಶ್ ಬಾನ್‌ಹೋಫರ್ 1937ರ ತನ್ನ ಪುಸ್ತಕದಲ್ಲಿ, ಕೃಪೆಯನ್ನು ನಾವು ಅಗ್ಗ ಮಾಡಿಕೊಂಡಿದ್ದೇವೆ ಎಂದು ತನ್ನವರನ್ನೇ ತರಾಟೆಗೆ ತೆಗೆದುಕೊಂಡ. ಹಿಟ್ಲರನ ವಿರುದ್ಧ ನಿಂತು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದ. ಬಾನ್‌ಹೋಫರ್ ಪ್ರೀತಿಯ ಕ್ರಮವನ್ನು ಅಲ್ಲಗಳೆದವನಲ್ಲ. ಆ ಕ್ರಮವನ್ನು ಮಲಗುವುದಕ್ಕೆ ಹಾಸಿಗೆ ಮಾಡಿಕೊಂಡವರನ್ನು ಎಬ್ಬಿಸಿದವನು.

ಹಿರಿಯರು: ನನಗೂ ಒಂದು ಕೇಳೂದೈತಿ. ನೀ ರಾತ್ರಿ ಹಗಲು ಮಾಡ್ತೀಯಲ್ಲ, ಮಂದಿ ಹೇಲು ಉಚ್ಚಿ ತಗೀತೀಯಲ್ಲ, ಯಾರ ಸಾಲ ತೀರಸಾಕ?

ಯುವತಿ: ಸಾಲ ಯಾಕ? ಪೇಶಂಟು ಮುಂದ ಮಲಗಿರ್ತಾನ. ಅಷ್ಟ ಸಾಕು. ಮ್ಯಾಲಿಂದ ಯಾರೋ ನನ್ನ ಪ್ರೀತಿ ಮಾಡಬೇಕು, ಆಮ್ಯಾಲೆ ನಾ ಅವನ ಕಡೆ ನೋಡಬೇಕು ಅಂತೇನಿಲ್ಲ. ನನ್ನ ಜೋಡಿ ಡ್ಯೂಟಿ ಮಾಡಾಕಿ ಲಿಂಗಾಯತರಾಕಿ. ಆಯಾ ಮುಸಲ್ಮಾನರಾಕಿ. ನನಕಿಂತ ಛಲೋ ನೋಡಕೋತಾರ.

ಹಿರಿಯರು: ಅದ ಪ್ರೀತಿ ಅವರೊಳಗೂ ಐತಿ ಅಂತೇನಿ ನಾ.

ಯುವತಿ: ಅವರನ್ನ ಕೇಳದ ಅವರ ಒಳಗ ನಮ್ಮ ಹೆಸರು ಬರೀಬ್ಯಾಡ್ರಿ. ಅವರ ಪ್ರೀತಿಗೆ ಅವರದ ಬೇರು ಐತಿ.

ಹಿರಿಯರು: ಹೆಸರು ಬರಿಯೂದಿಲ್ಲ. ಆದ್ರ ಗೋಡೆ ಯಾರದರ ಇರಲಿ, ಕೆಳಗಿನ ನೆಲ ಒಂದ ಅಂತ ನಾ ನಂಬೇನಿ. ಕುಂದಗೋಳ ಸೀಮಿಯ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಶಿಶುನಾಳದ ಶರೀಫಜ್ಜ ಶಿಷ್ಯ ಆಗಿ ಬಂದಾಗ ಜಾತಿ ನೋಡಲಿಲ್ಲ, ತಮ್ಮ ಮಂದಿ ಅಂದದ್ದನ್ನೂ ಕೇಳಲಿಲ್ಲ. ನವಲಗುಂದದ ಅಜಾತ ನಾಗಲಿಂಗಸ್ವಾಮಿಗಳ ಮಠದಾಗ ತೂತು ಬಿದ್ದ ಬೈಬಲ್ ಒಂದು ಇಟ್ಟಾರ ನೋಡು. ಅಜ್ಜಾರ ಚುಚ್ಚಿದ್ದು ಅಂತಾರ. ಆ ತೂತು ದಿನಾ ಕಳದಂಗ ತಾನ ಮುಚ್ಚಿಕೋತ ಬಂದೈತಿ ಅಂತನೂ ಅಂತಾರ. ಆ ಕಥಿ ಒಬ್ಬೊಬ್ಬರ ಬಾಯಾಗ ಒಂದೊಂದು ಥರ ಐತಿ. ನನಗ ದೊಡ್ಡದಾಗಿ ಕಾಣೂದು ಏನಂದ್ರ, ಮಠದವರು ಅದನ್ನ ಒಗೀಲಿಲ್ಲ, ನಮ್ಮವರು ಅದಕ್ಕ ಸಿಟ್ಟಿಗೇಳಲಿಲ್ಲ. ಎರಡೂ ಮಂದಿ ಹೋಗಿ ನೋಡ್ತಾರ.

ಯುವತಿ: ಅದು ನೆರಿಹೊರಿ ಮಂದಿ ಛಲೋತನ. ಈ ನಾಡಿನ ಗುಣ. ದೇವರ ಪ್ರೀತಿ ಗೊತ್ತಿದ್ದವರು ಬ್ಯಾರೆ ಥರ ಬದುಕ್ತಾರ ಅನ್ನೂ ನಿಮ್ಮ ಮಾತಿಗೆ ಅದು ಸಾಕ್ಷಿ ಆಗೂದಿಲ್ಲ.

ಹಿರಿಯರು: ಹಂಗಾರ ನಿನ್ನ ಕೆಲಸದ ಮಾತಿಗೇ ಬರೋಣು. ಪೇಶಂಟು ಮುಂದಿದ್ದ, ನೀ ಮಾಡಿದಿ. ಒಂದಿನ ನೀ ಎಷ್ಟು ಮಾಡಿದ್ರೂ ಉಳೀಲಿಲ್ಲ ಅನ್ನು. ಅವತ್ತ ನೀ ಯಾವುದರ ಮ್ಯಾಲೆ ನಿಂದರ್ತಿ? ನಿನ್ನ ಕೆಲಸದ ಮ್ಯಾಲೆ ನಿಂತಾಕಿಗೆ ಕೆಲಸ ಸೋತ ದಿನ ಕಾಲಾಗ ಏನೂ ಇರೂದಿಲ್ಲ.

ಯುವತಿ: ಹಂಗ ಒಂದು ರಾತ್ರಿ ಬಂದು ಹೋಗೈತಿ. ಸಣ್ಣ ಕೂಸು. ಅವತ್ತ ನನಗ ಬೇಕಾಗಿದ್ದು ಪ್ರೀತಿ ಅಲ್ಲ ಕಾಕಾ, ಇನ್ನೊಂದು ಆಕ್ಸಿಜನ್ ಸಿಲಿಂಡರ್.

ಹಿರಿಯರು: ಸಿಲಿಂಡರ್ ಬೇಕು. ಅದರ ಬದಲಿ ಪ್ರಾರ್ಥನಾ ಸಾಕು ಅಂತ ನಾ ಎಂದೂ ಅಂದಿಲ್ಲ. ನಾ ಕೇಳೂದು ಮರುದಿನದ್ದು. ಮರುದಿನ ಡ್ಯೂಟಿಗೆ ಹೆಂಗ ಹೋದಿ?

ಯುವತಿ: ಹೋಗೂ ಮನಸ್ಸಿರಲಿಲ್ಲ. ನಮ್ಮ ದೊಡ್ಡ ಸಿಸ್ಟರ್ ಒಬ್ಬರು ಬಂದು ಬಾಗಿಲಾ ಬಡದ್ರು. ಏನೂ ಕೇಳಲಿಲ್ಲ. ಚಾ ಮಾಡಿ ಕೊಟ್ರು, ತಲಿ ಹಿಕ್ಕಿದ್ರು, ಕರಕೊಂಡು ಹೋದ್ರು.

ಹಿರಿಯರು: ನೀ ಛಲೋ ನರ್ಸೋ ಕೆಟ್ಟ ನರ್ಸೋ ಅಂತ ಅವರು ಲೆಕ್ಕಾ ಮಾಡಿದ್ರೇನು?

ಯುವತಿ: ಇಲ್ಲ.

ಹಿರಿಯರು: ಹಂಗಾರ ನಾ ಹೇಳೂದು ನಿನಗ ಗೊತ್ತೈತಿ.

ಯುವತಿ: ನನಗ ಗೊತ್ತಿರೂದು ಸಿಸ್ಟರ್. ಅವರ ಹಿಂದ ಇನ್ನೊಬ್ಬಾಂವ ನಿಂತಾನ ಅಂತ ನೀವು ಅಂತೀರಿ. ಇರಬಹುದು. ನನಗ ಕಂಡದ್ದು ಅವರ ಕೈ.

ಸ್ವಲ್ಪ ಹೊತ್ತು ಇಬ್ಬರೂ ಆ ಮಾತನ್ನು ಬಿಟ್ಟು ಹೆಸರು ಬಿತ್ತುವ ಮಾತಾಡುತ್ತಾರೆ. ಹೆಸರು ಬಿಡಿಸುವ ಕಾಲಕ್ಕೆ ಆಳು ಸಿಗದ ತಾಪತ್ರಯಕ್ಕೆ ಮಾತು ಹೊರಳಿದಾಗ, ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳಿದ ಕೂಲಿಯವರ ಕಥೆ ಎದುರಿಗೆ ಬರುತ್ತದೆ. ತೋಟದ ಯಜಮಾನ ಮುಂಜಾನೆ, ಮಧ್ಯಾಹ್ನ, ಕೊನೆಗೆ ಹೊತ್ತು ಮುಳುಗುವ ಮುಂಚೆ ಆಳು ಕರೆದು, ಎಲ್ಲರಿಗೂ ಒಂದೇ ಕೂಲಿ ಕೊಟ್ಟ ಕಥೆ.

ಯುವತಿ: ನಮ್ಮೂರಾಗ ಹಿಂಗ ಬಟವಾಡಿ ಮಾಡಿದ್ರ ಮರುದಿನ ಮುಂಜಾನೆ ಒಬ್ರೂ ಬರೂದಿಲ್ಲ, ಎಲ್ಲಾರೂ ಸಂಜೀಕ ಬರ್ತಾರ.

ಹಿರಿಯರು: ಎಲ್ಲಾರೂ ಹಂಗ ಅಂತಾರ. ನಾ ಹುಬ್ಬಳ್ಳಿ ಕೂಲಿ ನಾಕಾದಾಗ ನಿಂತ್ಕೊಂಡು ದುಡದಾಂವ. ಮುಂಜಾನೆ ಗಟ್ಟಿ ಆಳು ಹೋಗಿಬಿಡ್ತಾರ. ಮುದುಕ್ರು, ಕೈ ನಡಗಾವ್ರು ಉಳೀತಾರ. ಅವರು ಮೈಗಳ್ಳರಲ್ಲ, ಯಾರೂ ಕರದಿರೂದಿಲ್ಲ. ಕಥಿಯೊಳಗೂ ಅವರು ಹಂಗ ಅಂತಾರ ನೋಡು, ನಮ್ಮನ್ನ ಯಾರೂ ಕರೀಲಿಲ್ಲ ಅಂತ. ಸಂಜೀತನಾ ನಿಂತಾಂವನ ಹೊಟ್ಟಿಗೂ ಮುಂಜಾನಿ ಹೋದಾಂವನಷ್ಟ ರೊಟ್ಟಿ ಬೇಕು. ಬೈಬಲಿನಾಗ ಎಷ್ಟೋ ನನಗ ತಿಳೀದೂದೈತಿ. ಈ ಕಥಿ ತಿಳಿಯಾಕ ನನಗ ಪಾಲಕರು ಬೇಕಾಗಲಿಲ್ಲ.

ಯುವತಿ: ಛಲೋ ಹೇಳಿದ್ರಿ, ಈ ಕಥಿ ನನಗೂ ಸೇರ್ತೈತಿ. ಯಾಕಂದ್ರ ಆ ಯಜಮಾನ, ನಿಮ್ಮನ್ನ ಪ್ರೀತಿ ಮಾಡ್ತೇನಿ ಅಂತ ಒಂದು ಮಾತೂ ಆಡೂದಿಲ್ಲ. ಪೂರಾ ಪಗಾರ ಕೊಡ್ತಾನ. ನಮ್ಮ ಸಭಾ ಉಲ್ಟಾ. ಮಾತು ಪೂರಾ, ಪಗಾರ ಅರ್ಧಾ.

ಹಿರಿಯರು: ಅಂದ್ರ?

ಯುವತಿ: ಅಂದ್ರ, ನಮ್ಮಪ್ಪಗ ಪರಿಶಿಷ್ಟ ಜಾತಿ ಸರ್ಟಿಫಿಕೇಟ್ ಸಿಗಲಿಲ್ಲ. 1950ರ ರಾಷ್ಟ್ರಪತಿ ಆದೇಶದಾಗ ಮೊದಲ ಹಿಂದೂಗಳಷ್ಟ ಇದ್ರು, 1956ಕ್ಕ ಸಿಖ್ಖರನ್ನ ಸೇರಿಸಿದ್ರು, 1990ಕ್ಕ ಬೌದ್ಧರನ್ನ. ಕ್ರೈಸ್ತರಾದವರಿಗೆ ಇಲ್ಲ. ಕ್ರೈಸ್ತರೊಳಗ ಜಾತಿ ಇಲ್ಲ ಅಂತ ಸರಕಾರ ತಿಳಕೊಂಡೈತಿ. ಆದ್ರ ನಮ್ಮಣ್ಣಗ ಹೆಣ್ಣು ಕೇಳಾಕ ಹೋದಾಗ ಇದ ಸಭಾದ ಮನಿಯಾಗ ಮೊದಲ ಕೇಳಿದ್ದು ಏನು? ನಿಮ್ಮ ಹಿರ್ಯಾರು ಮೂಲದಾಗ ಯಾವ ಮಂದಿ ಅಂತ. ಸರ್ಟಿಫಿಕೇಟಿಗೆ ಇಲ್ಲದ ಜಾತಿ ಲಗ್ನಕ್ಕ ಇತ್ತು. ಒಂದ ಪಾತ್ರೆಯಾಗ ಕರ್ತನ ಭೋಜನ ತಗೊಳ್ಳೂ ಮಂದಿ ಇವರು.

ಹಿರಿಯರು: ನಾಚಿಗಿ ಮಾತು. ಇಲ್ಲ ಅನ್ನೂದಿಲ್ಲ. ಆದ್ರ ಹಂಗ ಕೇಳಾಂವಗ ಏನು ಕಡಿಮಿ ಐತಿ ಹೇಳು? ತನ್ನ ಬೆಲಿ ತನಗ ಗೊತ್ತಿಲ್ಲ. ಇನ್ನೊಬ್ಬಾಂವನ್ನ ಕೆಳಗಿಟ್ರ ತಾ ಮ್ಯಾಲೆ ಅಂತ ತಿಳಕೊಂಡಾನ. ದೇವರು ತನ್ನನ್ನ ಹಂಗ ಒಪ್ಪಿಕೊಂಡಾನ ಅಂತ ಒಮ್ಮೆ ಎದಿಗೆ ತಟ್ಟಿದ್ರ ಆ ಹಪಾಪಿ ತಾನ ಬಿಡ್ತೈತಿ. ಕಾನೂನು ಹಾಕಿ ಬಿಡಸಾಕ ಬರೂದಿಲ್ಲ.

ಯುವತಿ: ಎದಿಗೆ ತಟ್ಟೂತನಾ ನಮ್ಮಣ್ಣ ಕಾಯ್ಬೇಕೇನು? ನಿಮ್ಮ ಹಿರ್ಯಾರ ಕಾಲದಿಂದ ತಟ್ಟಾಕತ್ತೈತಿ. ನಾ ಹೇಳೂದು ಉಲ್ಟಾ: ಮೊದಲ ಸರಿಯಾಗಿ ನಡೀರಿ, ಬಾಜೂಕ ಕುಂದ್ರಸ್ರಿ, ಹೆಣ್ಣು ಕೊಡ್ರಿ. ನಡಕೋತ ನಡಕೋತ ಎದಿ ಬದಲಾಗ್ತೈತಿ. ನರ್ಸಿಂಗ್‌ನಾಗ ನಮಗ ಮೊದಲ ಪ್ರೀತಿ ಕಲಸಲಿಲ್ಲ. ಕೈ ತೊಳಿಯೂದು ಕಲಸಿದ್ರು, ರೋಗಿ ಮಗ್ಗಲಾ ಬದಲಿಸೂದು ಕಲಸಿದ್ರು. ದಿನಾ ಮಾಡಕೋತ ಹೋದಂಗ ಅವರ ಮ್ಯಾಲೆ ಜೀವ ಹತ್ತಿತು.

ಹಿರಿಯರು: ನಡಕೋತ ನಡಕೋತ ಎದಿ ಕಲ್ಲಾದವರನ್ನೂ ನಾ ನೋಡೇನಿ. ನೇಮ ತಪ್ಪಿಲ್ಲ, ದಶಮಾಂಶ ತಪ್ಪಿಲ್ಲ, ಒಬ್ಬರ ಮ್ಯಾಲೂ ಕನಿಕರಿಲ್ಲ. ತಪ್ಪಿಹೋದ ಮಗನ ಕಥಿಯಾಗ ಹಿರೇಮಗ ಹಂಗ ಅಲ್ಲೇನು? ಒಂದ ದಿನ ಹೊಲದ ಕೆಲಸ ಬಿಟ್ಟಾಂವಲ್ಲ. ತಮ್ಮ ವಾಟ್ನಿ ತಗೊಂಡು ಹಾಳು ಮಾಡಿ ಬಂದಾಗ ಅಪ್ಪ ಓಡಿ ಹೋಗಿ ಅಪ್ಪಿಕೊಂಡ. ಇಂವಗ ಒಳಗ ಕಾಲಿಡಾಕ ಆಗಲಿಲ್ಲ. ಅಪ್ಪನ ಮನಿಯೊಳಗಿದ್ದೂ ತಾ ಆಳಿನಂಗ ದುಡದೇನಿ ಅಂತ ತಿಳಕೊಂಡಿದ್ದ. ನಿನ್ನ ನೋಡಿದಾಗ ಒಮ್ಮೊಮ್ಮೆ ನನಗ ಅವನ ನೆನಪಾಗ್ತಾನ. ಬೈತಿಲ್ಲ ತಂಗಿ, ಸಂಕಟಕ್ಕ ಹೇಳಾಕತ್ತೇನಿ.

ಯುವತಿ: ಆಗಲಿ. ಆದ್ರ ಆ ಕಥಿಯೊಳಗ ಅಪ್ಪ ಹಿರೇಮಗನ ಹಂತ್ಯಾಕೂ ಹೊರಗ ಬರ್ತಾನ. ಬಾ ಒಳಗ ಅಂತ ಕೈ ಮುಗದು ಕೇಳ್ತಾನ. ನಾ ಸಭಾ ಬಿಟ್ಟು ಇಷ್ಟು ದಿನಾ ಆತು, ನೀವೊಬ್ರು ಬಿಟ್ರ ಯಾರು ಹೊರಗ ಬಂದು ಕೇಳ್ಯಾರ?

ಹಿರಿಯರು: ಅದಕ್ಕ ನಾ ಇಲ್ಲಿ ಕೂತೇನಿ.

ಯುವತಿ: ಹಂಗಾರ ಒಂದು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಇವತ್ತ ಈ ಗರಸು ಬುಟ್ಟಿ ಹೊತ್ತ ಹೆಣ್ಣಾಳು ಇದ್ರಲ್ಲ, ಅವರಿಗೂ ಗಂಡಾಳಿಗೂ ಒಂದ ಪಗಾರ ಹಚ್ಚೀರೇನು?

ಹಿರಿಯರು: ರೂಢಿ ಪ್ರಕಾರ ಹಚ್ಚೇವಿ. ಹೆಣ್ಣಾಳಿಗೆ ಕಡಿಮಿ. ಸೀಮಿ ತುಂಬ ಹಂಗ ಐತಿ. ರೊಕ್ಕ ಸಭಾದ್ದು, ನನ್ನದಲ್ಲ, ಕಮಿಟಿ ಒಪ್ಪಬೇಕು.

ಯುವತಿ: ಸಂಜೀತನಾ ನಿಂತಾಂವನ ಹೊಟ್ಟಿ ಮಾತು ಈಗರ ನೀವ ಹೇಳಿದ್ರಿ.

ಹಿರಿಯರು: ಹೇಳಿದ್ನಿ. ಶನಿವಾರ ಸಂಜೀಕ ಕಮಿಟಿ ಕೂಡ್ತೈತಿ. ನಾ ವಿಷಯ ತಗೀತೇನಿ. ನೀನೂ ಬಂದು ಮಾತಾಡು. ಇಬ್ಬರು ಮೂವರು ಜಗ್ಗಾಡ್ತಾರ, ಆದ್ರೂ ಬಾ. ಒಂದು ಮಾತು ಮಾತ್ರ ನಾ ಬಿಡೂದಿಲ್ಲ: ಆ ಹೆಣ್ಣಮಕ್ಕಳು ದೇವರು ಮೊದಲ ಪ್ರೀತಿ ಮಾಡಿದವರು, ಅದಕ್ಕ ಅವರಿಗೆ ಪೂರಾ ಕೊಡಬೇಕು ಅಂತ ಹೇಳಾಂವ ನಾ.

ಯುವತಿ: ಅವರು ಪೂರಾ ಕೆಲಸ ಮಾಡ್ಯಾರ, ಅದಕ್ಕ ಕೊಡಬೇಕು ಅಂತ ನಾ ಹೇಳ್ತೇನಿ.

ಹಿರಿಯರು: ಹೇಳು. ಜ್ವರಾ ಬಂದು ಅರ್ಧಾ ದಿನಕ್ಕ ಬುಟ್ಟಿ ಇಳಿಸಿ ಕೂತಾಕಿ ಒಬ್ಬಾಕಿ ಇದ್ಲು ಇವತ್ತ. ಆಕಿಗೆ ಏನಂತಿ?

ಯುವತಿ: ಆಕಿದು ನನಗ ವಿಚಾರ ಮಾಡಾಕ ಶನಿವಾರತನಾ ಟೈಮ್ ಕೊಡ್ರಿ.